ಬೇಗೂರು ಸೀಮೆಯಲ್ಲಿ ನೆಲದ ಲೆಕ್ಕವೂ ಅದನ್ನು ಓದಬಲ್ಲವರೂ

ನಮ್ಮ ನಾಡಿನ ಗ್ರಾಮಜೀವನದ ಚರಿತ್ರೆಯನ್ನು ಬರೆದ ವಿದ್ವಾಂಸರು ಭೂದಾನ, ಕಂದಾಯ, ಕೆರೆಕಟ್ಟೆ ಮೊದಲಾದುವನ್ನು ವಿಸ್ತಾರವಾಗಿ ವಿಚಾರ ಮಾಡಿದ್ದಾರೆ. ಆದರೆ ಒಕ್ಕಲಿಗನೊಬ್ಬನು ತನ್ನ ಹೊಲದ ಎಲ್ಲೆಯನ್ನು ತಿಳಿಯಬೇಕಾದಾಗ ಯಾರ ಬಾಗಿಲಿಗೆ ಹೋಗುತ್ತಿದ್ದನು, ಅದೇ ಹೊಲದ ಹುಟ್ಟುವಳಿಯನ್ನು ತಿಳಿಯಬೇಕಾದ ಅಧಿಕಾರಿಯು ಯಾರನ್ನು ಕರೆಯಿಸುತ್ತಿದ್ದನು, ಪರದೇಶದಿಂದ ಬಂದವನು ಯಾರ ಮಾತನ್ನು ನಂಬುತ್ತಿದ್ದನು ಎಂಬ ಪ್ರಶ್ನೆಗಳನ್ನು ಒಟ್ಟಿಗಿಟ್ಟು ನೋಡಿದರೆ ಆ ಚರಿತ್ರೆಯ ಮತ್ತೊಂದು ಮುಖವು ಕಾಣಬರುತ್ತದೆ. ಈ ಲೇಖನದಲ್ಲಿ ಅಂತಹ ವಿಚಾರಣೆಯನ್ನು ಒಂದು ಚಿಕ್ಕ ಸೀಮೆಗೆ ಮಿತಗೊಳಿಸಿ ಮಾಡಲು ಪ್ರಯತ್ನಿಸಿದೆ.

ಬಿಳೇಕಹಳ್ಳಿಯು ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿಯ ಗ್ರಾಮ. ಬನ್ನೇರುಘಟ್ಟದ ರಸ್ತೆಯಲ್ಲಿ ಹೋಗುವವರಿಗೆ ಈಗ ಅದು ಪಟ್ಟಣದ ಒಂದು ಭಾಗವಾಗಿ ತೋರುವುದೇ ಹೊರತು ಹಳ್ಳಿಯಾಗಿ ತೋರುವುದಿಲ್ಲ. ಆದರೂ ಅಲ್ಲಿಯ ಮನೆನಿವೇಶನಗಳ ಪತ್ರಗಳಲ್ಲಿ ಊರಿನ ಹೆಸರು, ಹೋಬಳಿ, ಸರ್ವೆ ನಂಬರು ಇವು ಹಳೆಯ ಕ್ರಮದಲ್ಲಿಯೇ ಬರುತ್ತವೆ. ನೆಲದ ಮೇಲಿನ ರಾಗಿಯ ಹೊಲವು ಮಾಯವಾಗಿ ಕಾಗದದ ಮೇಲಿನ ಹೊಲವು ಉಳಿದಿದೆ ಎನ್ನಬಹುದು. ಆ ಕಾಗದವು ಯಾರ ಕೈಯಲ್ಲಿತ್ತು, ಯಾರಿಗೆ ಅರ್ಥವಾಗುತ್ತಿತ್ತು ಎಂಬುದೇ ಪ್ರಕೃತ ವಿಷಯ.

ಈ ಸೀಮೆಯ ಅತ್ಯಂತ ಹಳೆಯ ದಾಖಲೆಗಳು ಕಲ್ಲಿನವು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ಶಾಸನದಲ್ಲಿ ಬೆಂಗಳೂರಿನ ಹೆಸರು ಒಂದು ಕಾಳಗದ ಪ್ರಸ್ತಾಪದಲ್ಲಿ ಬರುವುದನ್ನು ವಾಚಕರು ಬಲ್ಲರು. ಅದೇ ಊರಿನ ಮತ್ತೊಂದು ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನೆಂಬ ವೀರನು ಮಡಿದ ಮೇಲೆ ಗಂಗರ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು, ಎಂದರೆ ಬೇಗೂರನ್ನೂ ಅದಕ್ಕೆ ಸೇರಿದ ಹಳ್ಳಿಗಳನ್ನೂ ಕೊಟ್ಟ ವಿಷಯವು ಅದರಲ್ಲಿದೆ. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಹೇಳಿರುವುದು ಕೀರ್ತಿಗಾಗಿ ಅಲ್ಲ. ಮುಂದೆ ವಿವಾದವೆದ್ದರೆ ತೋರಿಸುವುದಕ್ಕಾಗಿ. ಆದ್ದರಿಂದ ಆ ಕಲ್ಲನ್ನು ವೀರನ ಸ್ಮಾರಕವೆಂದು ಮಾತ್ರ ಹೇಳಿದರೆ ಅರ್ಧ ಹೇಳಿದಂತಾಗುವುದು. ಅದು ಹಕ್ಕುಪತ್ರವೂ ಆಗಿದೆ.

ಆ ಕಾಲದಲ್ಲಿ ಇದನ್ನು ಓದಬಲ್ಲವರು ಎಷ್ಟು ಜನ? ಅಕ್ಷರಬಲ್ಲವರು ಊರಿಗೆ ಕೆಲವರಿದ್ದಿರಬೇಕು. ಉಳಿದವರಿಗಾಗಿ ಶಿಲ್ಪಿಯು ಬೇರೆ ಬರಹವನ್ನು ಬರೆದನು. ವಸ್ತುಸಂಗ್ರಹಾಲಯದ ಆ ಕಲ್ಲಿನಲ್ಲಿ ಆನೆಕುದುರೆಗಳೊಡನೆ ನಡೆಯುವ ಕಾಳಗವು ಅಕ್ಷರಗಳಿಗಿಂತ ಹೆಚ್ಚಿನ ಸ್ಥಳವನ್ನು ಹಿಡಿದಿದೆ. ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರು ಕೆತ್ತಲ್ಪಟ್ಟಿದ್ದರೆ ದಾನವು ಶಾಶ್ವತವೆಂದು ಕುರುಬರ ಹುಡುಗನೂ ತಿಳಿಯುತ್ತಿದ್ದನು. ಲಿಂಗಮುದ್ರೆಯ ಕಲ್ಲಿನಿಂದಾಚೆ ಶಿವಾಲಯದ ಭೂಮಿ, ವಾಮನಮುದ್ರೆಯಿದ್ದರೆ ವಿಷ್ಣುವಿಗೋ ಬ್ರಾಹ್ಮಣರಿಗೋ ಬಿಟ್ಟದ್ದು, ಮುಕ್ಕೊಡೆಯಿದ್ದರೆ ಬಸದಿಯದು. ಇದಕ್ಕೆ ಅಕ್ಷರಾಭ್ಯಾಸ ಬೇಕಿಲ್ಲ. ಧರ್ಮವನ್ನು ಕೆಡಿಸಿದವನಿಗೆ ಕವಿಲೆಯನ್ನು ಕೊಂದ ಪಾಪವೆಂಬ ಮಾತನ್ನು ಓದಲಾರದವರಿಗಾಗಿ ಕೆಲವೆಡೆ ಕತ್ತೆಯ ಚಿತ್ರವನ್ನೇ ಕೆತ್ತಿದ್ದುಂಟು. ಅದು ಅಶ್ಲೀಲವೆಂದು ಮುಖ ತಿರುಗಿಸಿಕೊಳ್ಳುವ ಪಂಡಿತರಿದ್ದಾರೆ. ಆದರೆ ಅಧಿಕಾರದ ಮಾತನ್ನು ಸಾಮಾನ್ಯನಿಗೆ ಮುಟ್ಟಿಸಬೇಕೆಂಬ ಶ್ರದ್ಧೆಯು ಆ ಶಿಲ್ಪಿಯಲ್ಲಿದ್ದಷ್ಟು ಈಚಿನ ಕಚೇರಿಗಳಲ್ಲಿ ಕಾಣಲಾರೆನು.

ಭಾಷೆಯ ತೊಡಕೂ ಇತ್ತು. ಬಿಳೇಕಹಳ್ಳಿಗೆ ಬಹಳ ದೂರವಲ್ಲದ ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ ತಮಿಳು ಶಾಸನಗಳಿವೆ; ಅವುಗಳಲ್ಲಿ ಒಂದರ ಕಾಲ ಕ್ರಿ.ಶ. 1247. ಬೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿ ಮತ್ತು ತಾಮರೈಕ್ಕರೈ ಎಂಬ ಸ್ಥಳ ಇವುಗಳ ಹೆಸರು ಅಲ್ಲಿಯ ಶಾಸನದಲ್ಲಿದ್ದು, ಎರಡನೆಯದನ್ನು ಇಂದಿನ ತಾವರೆಕೆರೆಯೆಂದು ಗುರುತಿಸಲಾಗಿದೆ. ಚೋಳರ ಆಳಿಕೆಯಿಂದ ಬಂದ ಭಾಷೆಯಲ್ಲಿ ಬರೆದ ಆ ಲೆಕ್ಕವನ್ನು ಮುಂದಿನ ತಲೆಮಾರುಗಳು ಓದಲಾರದೆ ಹೋದುವು. ಕನ್ನಡದ ಶಾಸನಗಳ ಗತಿಯೂ ಇದಕ್ಕಿಂತ ಮೇಲಾಗಲಿಲ್ಲ. ಲಿಪಿಯು ಮಾರ್ಪಟ್ಟು ಭಾಷೆಯು ಹೊಸತಾದಂತೆಲ್ಲ ಕಲ್ಲು ಬಯಲಿನಲ್ಲಿ ಎಲ್ಲರ ಕಣ್ಣೆದುರಿಗೆ ನಿಂತಿದ್ದೂ ಮೂಕವಾಯಿತು. ಓದಲಾಗದ ಬರಹದಲ್ಲಿ ನಿಕ್ಷೇಪದ ಗುರುತಿರಬೇಕೆಂದು ಜನರು ಎಣಿಸಿದರು. ನಿಧಿಯ ಆಸೆಯಿಂದ ಬುಡವನ್ನು ಅಗೆದು ಕೆಡವಿದ ಕಲ್ಲುಗಳು ನಾಡಿನಲ್ಲೆಲ್ಲಾ ಇವೆ. ಹಾಗೆ ಅಗೆದವನೂ ತನ್ನ ರೀತಿಯಲ್ಲಿ ಆ ಕಲ್ಲಿನಿಂದ ವಿಷಯವನ್ನು ಅರಸಿದವನೇ ಅಲ್ಲವೆ?

ಕಲ್ಲು ಮೂಕವಾದ ಮೇಲೆ ಊರಿನ ತಿಳಿವಳಿಕೆಯೆಲ್ಲವೂ ಆಯಗಾರರಲ್ಲಿ ಹಂಚಿಹೋಗಿತ್ತು. ಕೆರೆಯಲ್ಲಿ ಎಷ್ಟು ನೀರಿದೆ, ತೂಬನ್ನು ಎಂದು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ನೀರುಗಂಟಿಗೆ ಗೊತ್ತು. ಮಳೆಯ ನಕ್ಷತ್ರವೂ ಬಿತ್ತನೆಯ ದಿನವೂ ಜೋಯಿಸನಿಗೆ ಗೊತ್ತು. ಎಲ್ಲೆಯ ಕಲ್ಲು ಎಲ್ಲಿತ್ತೆಂಬುದು ತೋಟಿಗೆ ಗೊತ್ತು. ಎಲ್ಲೆಯ ವ್ಯಾಜ್ಯದಲ್ಲಿ ಅವನ ಮಾತಿಗೆ ಬೆಲೆಯಿತ್ತು. ಜಾತಿಯಲ್ಲಿ ಅವನನ್ನು ಊರ ಹೊರಗಿಟ್ಟವರು ಎಲ್ಲೆಯನ್ನು ಮಾತ್ರ ಅವನ ಬಾಯಿಂದಲೇ ಕೇಳಬೇಕಾಗಿತ್ತೆಂಬುದನ್ನು ಇಲ್ಲಿ ಮರೆಯಲಾಗದು. ಸರ್ಕಾರದ ಅಪ್ಪಣೆಯು ಊರಿಗೆ ಬಂದರೆ ಡಂಗುರ ಹೊಡೆಯಿಸಿ ಸಾರುವುದೇ ಪದ್ಧತಿ.

ಇವರೆಲ್ಲರ ನಡುವೆ ಬರಹದ ಒಡೆತನವಿದ್ದುದು ಶಾನುಭೋಗನಿಗೆ. ಅವನ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕರಿಯ ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನ ಕಾರ್ಯವನ್ನು ನೋಡಿಕೊಂಡಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾನೆ. ಕಡತದ ಗುಣವೇನೆಂದರೆ ಅದು ಬಹುಕಾಲ ಬಾಳುತ್ತದೆ. ಅದರ ದೋಷವೇನೆಂದರೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಬರೆಯುವವನೂ ಒರೆಸುವವನೂ ಒಬ್ಬನೇ ಆಗಿ, ಅದನ್ನು ಪರೀಕ್ಷಿಸಬಲ್ಲ ಎರಡನೆಯವನು ಊರಲ್ಲಿಲ್ಲದಿದ್ದರೆ ಏನಾಗಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಶಾನುಭೋಗನ ಲೇಖಣಿಯನ್ನು ಕುರಿತ ಗಾದೆಗಳು ನಮ್ಮ ಜನರ ಬಾಯಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೆ ನ್ಯಾಯವನ್ನೂ ಹೇಳಬೇಕು. ದಂಡು ಹಾಯ್ದು ಊರು ಹಾಳಾಗಿ ಒಕ್ಕಲು ಚದರಿ ಹೋದಾಗಲೂ ಕಡತವನ್ನು ಬಗಲಿನಲ್ಲಿಟ್ಟುಕೊಂಡು ಹೋದವರ ಮನೆತನಗಳಿಂದಲೇ ಅನೇಕ ಊರುಗಳ ಲೆಕ್ಕವು ಉಳಿಯಿತು. ಕಡತವೆಂಬ ಮಾತು ಈಗ ಸರ್ಕಾರಿ ಕಚೇರಿಯ ಕಾಗದಗಳ ಕಟ್ಟಿಗೆ ಹೆಸರಾಗಿದೆ. ಶಬ್ದವು ಹೊಸ ಮನೆಗೆ ಹೋಗುವಾಗ ಹಳೆಯ ಮನೆಯ ಬಾಗಿಲನ್ನೂ ಅಗುಳಿಯನ್ನೂ ಜತೆಗೊಯ್ದಿತೆಂದು ಒಮ್ಮೊಮ್ಮೆ ತೋರುತ್ತದೆ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಹೊಸ ವಿಚಾರಣೆಗಾರರು ಬಂದರು. ಫ್ರಾನ್ಸಿಸ್ ಬುಕಾನನನು 1800ರಲ್ಲಿ ಮದರಾಸಿನಿಂದ ಹೊರಟು ಬೆಂಗಳೂರಿನ ಮಾರ್ಗವಾಗಿ ಸಂಚರಿಸಿ, ಬೇರೆ ಬೇರೆ ಜಾತಿಯವರನ್ನೂ ಕಸುಬಿನವರನ್ನೂ ಕರೆಯಿಸಿ ಬೆಳೆ, ಕೂಲಿ, ಮಗ್ಗ, ಆಚಾರ ಇವನ್ನೆಲ್ಲ ಕೇಳಿ ಬರೆದುಕೊಂಡನು. ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಹೊರಟಿತು. ಕರ್ನಲ್ ಮೆಕೆಂಜಿಯ ಕ್ರಮವು ಬೇರೆ. ಅವನಿಗೆ ಈ ದೇಶದ ಭಾಷೆಗಳು ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮಂದಿರೇ ಅವನ ಕಣ್ಣು ಕಿವಿಗಳಾಗಿ ಊರೂರು ತಿರುಗಿ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದರು. ಬೋರಯ್ಯನು 1803ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಸಂಗ್ರಹಕ್ಕೆ ಮೆಕೆಂಜಿಯ ಹೆಸರು ನಿಂತಿತು. ಕುದುರೆಯ ಮೇಲೆ ಬಂದವನು ಬೆಳೆಯ ಲೆಕ್ಕವನ್ನು ಕೇಳಿದರೆ ಮುಂದೆ ಕಂದಾಯವೇರುವುದೆಂದು ರೈತನು ಅನುಮಾನಿಸುವುದು ಸಹಜ. ಆದ್ದರಿಂದ ಅಂತಹ ವರದಿಗಳಲ್ಲಿಯ ಹುಟ್ಟುವಳಿಯ ಅಂಕಿಗಳನ್ನು ಉಪಯೋಗಿಸುವಾಗ, ಹೇಳಿದವನಿಗೆ ಹೇಳುವುದರಿಂದ ಬರುವ ಲಾಭನಷ್ಟವೇನೆಂದು ನಾವು ಕೇಳಿಕೊಳ್ಳುವುದು ಯುಕ್ತ.

ಇದಕ್ಕಿಂತಲೂ ಆಳವಾದ ಬದಲಾವಣೆಯು 1863ರಲ್ಲಿ ಚಿತ್ರದುರ್ಗದ ಕಡೆಯಿಂದ ತೊಡಗಿದ ಮೈಸೂರಿನ ಸರ್ವೆಯಿಂದ ಬಂದಿತು. ಅದುವರೆಗೆ ಭೂಮಿಯನ್ನು ಬೀಜವರಿಯಿಂದ ಅಳೆಯುತ್ತಿದ್ದರು. ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಗದ್ದೆ ಎಂದರೆ ಬಿತ್ತುವವನಿಗೆ ಕೈಯಳತೆಯಲ್ಲಿಯೇ ತಿಳಿಯುತ್ತಿತ್ತು. ಸರಪಳಿ ಹಿಡಿದ ಮೋಜಣಿದಾರರು ಅದನ್ನು ಎಕರೆಗುಂಟೆಗಳಿಗೆ ತಿರುಗಿಸಿ, ಹೊಲಕ್ಕೆ ನಂಬರನ್ನೂ ಮೂಲೆಗೆ ಬಾಂದುಕಲ್ಲನ್ನೂ ಊರಿಗೆ ನಕ್ಷೆಯನ್ನೂ ಕೊಟ್ಟರು. ಮೊದಲಿನ ಅಸ್ಪಷ್ಟತೆಯು ಹೋಯಿತೆಂಬುದು ನಿಜ. ಆದರೆ ತನ್ನ ಹೊಲದ ಅಳತೆಯು ತನಗೇ ಅರ್ಥವಾಗದ ಭಾಷೆಗೆ ಹೋಯಿತೆಂಬುದೂ ಅಷ್ಟೇ ನಿಜ. ಕೊಳಗವನ್ನು ಬಲ್ಲವನು ಗುಂಟೆಯನ್ನು ಕೇಳಲು ಮತ್ತೆ ಶಾನುಭೋಗನಲ್ಲಿಗೇ ಹೋದನು.

ಗ್ರಾಮಾಧಿಕಾರಗಳನ್ನು ತೊಡೆದುಹಾಕುವ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದು, ವಂಶಪಾರಂಪರ್ಯದ ಶಾನುಭೋಗಿಕೆಯೂ ಪಟೇಲಿಕೆಯೂ ಮುಗಿದುವು. ಕಡತದ ಸ್ಥಾನಕ್ಕೆ ಪಹಣಿಯೂ ಶಾನುಭೋಗನ ಸ್ಥಾನಕ್ಕೆ ಗ್ರಾಮಲೆಕ್ಕಿಗನೂ ಬಂದರು. 1973ರಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಯು ಮುಂದಿನ ದಶಕದಲ್ಲಿ ಬಿಳೇಕಹಳ್ಳಿಗೆ ಬಂದಿತು. ಬಾಲಕೃಷ್ಣ ದೋಶಿಯವರು ರಚಿಸಿದ ಅದರ ಕಟ್ಟಡಗಳು ಬೇಗೂರಿನ ಶಾಸನಗಳಂತೆಯೇ ಈ ನಾಡಿನ ಕಲ್ಲಿನವು. ಲೋಕದ ವ್ಯಾಪಾರವ್ಯವಹಾರಗಳ ಅಂಕಿ ಅಂಶಗಳನ್ನು ಶೋಧಿಸುವ ವಿದ್ಯಾರ್ಥಿಗಳು ಒಂದು ಗೋಡೆಯ ಒಳಗೆ, ತನ್ನ ತಾತನ ಹೊಲದ ಪಹಣಿಗಾಗಿ ಅಲೆಯುವವರು ಅದರ ಹೊರಗೆ. ಬಿಳೇಕಹಳ್ಳಿಯು ಎರಡನ್ನೂ ಕಂಡಿತು.

1999ರಲ್ಲಿ ಆರಂಭವಾಗಿ 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳಿಗೆಲ್ಲ ಹಬ್ಬಿದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಮೊದಲಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಯಾರ ಹೊಲದ ಪಹಣಿಯಾದರೂ ಯಾರ ಕೈಗಾದರೂ ಬರುತ್ತಿತ್ತು. ಗ್ರಾಮಲೆಕ್ಕಿಗನನ್ನು ಕಾಡಿ ಬೇಡುವ ಕಷ್ಟವೂ ಲಂಚವೂ ಬಹಳ ಕಡಿಮೆಯಾದುವೆಂದು ಇದನ್ನು ಪರೀಕ್ಷಿಸಿದ ಕೆಲವರು ಕಂಡುಕೊಂಡರು. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಬರೆದ ವರದಿಯು ಬೇರೆ ಮಾತನ್ನು ಹೇಳಿತು. ಊರಲ್ಲಿ ಮಾತುಕತೆಯಿಂದ ಸರಿಹೋಗುತ್ತಿದ್ದ ಚಿಕ್ಕ ವ್ಯವಹಾರಗಳಿಗೆ ಹೊಸ ಏರ್ಪಾಡಿನಲ್ಲಿ ಎಡೆ ಕಡಿಮೆಯಾಗಿ, ಪಟ್ಟಣದ ಅಂಚಿನಲ್ಲಿ ವಿಸ್ತಾರವಾದ ಭೂಮಿಯನ್ನು ಹುಡುಕುತ್ತಿದ್ದ ದೊಡ್ಡ ಸಂಸ್ಥೆಗಳಿಗೆ ಅದು ಹೆಚ್ಚಾಗಿ ಒದಗಿತೆಂದು ಅವರ ವಾದ. ನನಗೆ ಎರಡೂ ನಿಜವೆಂದು ತೋರುತ್ತದೆ. ಒಂದು ಪಹಣಿಯನ್ನು ಬಯಸುವವನಿಗೆ ಬಾಗಿಲು ತೆರೆದಾಗ, ಸಾವಿರ ಪಹಣಿಗಳನ್ನು ಜೋಡಿಸಿ ನೋಡಬಲ್ಲವನಿಗೂ ಅದೇ ಬಾಗಿಲು ತೆರೆಯಿತು. ತೆರೆದದ್ದು ಒಂದೇ, ಒಳಗೆ ಹೋದವರ ಶಕ್ತಿಯು ಒಂದೇ ಅಲ್ಲ.

ಹಳೆಯ ನಕ್ಷೆಯ ಬಲವು ಎಷ್ಟೆಂಬುದನ್ನು ಇದೇ ಬೇಗೂರು ಹೋಬಳಿಯು 2016ರ ಆಗಸ್ಟ್ ತಿಂಗಳಲ್ಲಿ ನೋಡಿತು. ಅವನಿ ಶೃಂಗೇರಿ ನಗರವೆಂಬ ಬಡಾವಣೆಯಲ್ಲಿ, ಗ್ರಾಮ ನಕ್ಷೆಯಂತೆ ರಾಜಕಾಲುವೆಯು ಹಾಯ್ದಿದ್ದ ಸ್ಥಳವೆಂದು ಮನೆಗಳನ್ನು ಕೆಡವಲಾಯಿತು. ಮನೆಯವರ ಕೈಯಲ್ಲಿ ನೋಂದಣಿಯಾದ ಕ್ರಯಪತ್ರವೂ ಖಾತೆಯೂ ಇದ್ದುವು. ಬಾಳಿನ ಉಳಿತಾಯವನ್ನೆಲ್ಲ ಸುರಿದು ಮನೆ ಕೊಂಡವನು ನೋಡಬೇಕಾಗಿದ್ದ ಕಾಗದವು ಯಾವುದೆಂದು ಅವನಿಗೆ ಹೇಳಿದವರಾರು? ಕಾಲುವೆ ಎಲ್ಲಿ ಹರಿಯುತ್ತಿತ್ತೆಂದು ನೀರುಗಂಟಿಯಾದರೆ ಕೇಳಿದೊಡನೆ ತೋರಿಸುತ್ತಿದ್ದನು. ಆದರೆ ಗದ್ದೆಗಳೊಡನೆ ಅವನ ಕಸುಬೂ ಅಳಿದಿತ್ತು. ಕೆಲವು ವರ್ಷಗಳೀಚೆಗೆ ‘ದಿಶಾಂಕ್’ ಎಂಬ ಸರ್ಕಾರಿ ಸಾಧನದ ಮೂಲಕ, ನಿಂತ ನೆಲದ ಸರ್ವೆ ನಂಬರನ್ನೂ ನಕ್ಷೆಯನ್ನೂ ಕೈಫೋನಿನಲ್ಲಿಯೇ ನೋಡಲಾಗುತ್ತಿದೆ. ನಕ್ಷೆಯ ಗೆರೆಯು ಹಳ್ಳವೋ ದಾರಿಯೋ ಎಂದು ಬಿಡಿಸಿ ಹೇಳುವವನನ್ನು ಮಾತ್ರ ಇನ್ನೂ ಹುಡುಕಿಕೊಂಡು ಹೋಗಬೇಕಾಗಿದೆ.

ಮೂಕವಾಗಿದ್ದ ಕಲ್ಲಿಗೆ ಮತ್ತೆ ಮಾತು ಬಂದುದನ್ನೂ ಹೇಳದಿರಲಾಗದು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸರು ಹೊರತಂದ ‘ಎಪಿಗ್ರಾಫಿಯಾ ಕರ್ಣಾಟಿಕಾ’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ, 1905ರಲ್ಲಿ, ಬೆಂಗಳೂರು ಜಿಲ್ಲೆಯ ಶಾಸನಗಳು ಅಚ್ಚಾದುವು. ಪ್ರತಿ ಶಾಸನದ ತಲೆಯಲ್ಲಿ ಅದು ಯಾವ ಊರಿನ ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ಇದೆಯೆಂದು ಸೂಚಿಸಿರುವುದು ಆಗ ಅಷ್ಟು ಮುಖ್ಯವೆಂದು ತೋರಿರಲಾರದು. ಪಿ. ಎಲ್. ಉದಯಕುಮಾರ್ ಮತ್ತು ಅವರ ಮಿತ್ರರು 2017ರಿಂದ ಈ ಕಲ್ಲುಗಳನ್ನು ಹುಡುಕಲು ಹೊರಟಾಗ, ಮತ್ತು 2021ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಕಲ್ಲುಗಳ ಮೂರು ಆಯಾಮದ ಪ್ರತಿಗಳನ್ನು ತೆಗೆಯತೊಡಗಿದಾಗ, ಆ ಒಂದೊಂದು ಸಾಲೇ ದಾರಿದೀಪವಾಯಿತು. ಆದರೆ ಪುಸ್ತಕವು ಹೇಳುವ ಹೊಲವು ಈಗ ಬೀದಿಯಾಗಿದೆ. ಹೊಲದ ಹೆಸರು ನಕ್ಷೆಯಲ್ಲಿಯೂ ಇಲ್ಲ. ಅಂತಹ ಕಡೆಗಳಲ್ಲಿ ಹುಡುಕುವವರು ಪುಸ್ತಕವನ್ನು ಮುಚ್ಚಿ ಊರಿನ ಹಿರಿಯರನ್ನು ಕೇಳುತ್ತಾರೆ. ಅಕ್ಷರವನ್ನೇ ಅರಿಯದ ಮುದುಕಿಯೊಬ್ಬಳು, ತಾನು ಮದುವೆಯಾಗಿ ಬಂದಂದಿನಿಂದ ಅರಿಸಿನಕುಂಕುಮವಿಟ್ಟು ಪೂಜಿಸಿದ ಕಲ್ಲಿನ ಬಳಿಗೆ ಕರೆದೊಯ್ಯುತ್ತಾಳೆ. ಕಲ್ಲನ್ನು ತೊಳೆದು, ಬಂದವರು ಅದರ ಬರಹವನ್ನು ಅವಳಿಗೆ ಓದಿ ಹೇಳುತ್ತಾರೆ.