ಮೊದಲು ಬರುವವನು ಕಸ ಗುಡಿಸುವವನು

ಕೈರೋದ ಶೇಖ್ ಅಬ್ದುಲ್ ಖಾದಿರ್ ಅಲ್ ಮಗ್ರಿಬಿ ಹೆಸರುವಾಸಿ ಮಾಂತ್ರಿಕ. ಆದರೆ ಮಾಟದಲ್ಲಿ ಮೂಡುವ ದೃಶ್ಯ ಯಾವುದೂ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಕಳುವಾದ ಮಾಲು ಯಾರ ಹತ್ತಿರ ಇದೆ, ದೂರದೇಶಕ್ಕೆ ಹೋದವನು ಹೇಗಿದ್ದಾನೆ ಎಂದು ನೋಡಿ ಹೇಳಲು ಅವನಿಗೆ ಇನ್ನೊಬ್ಬರ ಕಣ್ಣೇ ಬೇಕಿತ್ತು. ಅದೂ ಯಾರದೆಂದರೆ ಅವರದಲ್ಲ. ಪ್ರಾಯಕ್ಕೆ ಬರದ ಹುಡುಗ, ಕನ್ಯೆ, ಕಪ್ಪು ದಾಸಿ, ಬಸುರಿ ಹೆಂಗಸು, ಈ ನಾಲ್ವರಿಗಷ್ಟೇ ಕಾಣುವುದು ಎಂದು ಅವನು ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ಲೇನ್‌ಗೆ ಹೇಳಿದ. ಈಜಿಪ್ಟಿನವರ ನಡೆನುಡಿಯ ಬಗ್ಗೆ ಲೇನ್ 1836ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪ್ರಯೋಗದ ವರದಿಯಿದೆ. ಮಾಟಮಂತ್ರದ ಬಗ್ಗೆ ಯುರೋಪಿನವರು ಬರೆದ ಪುಟಗಳಲ್ಲಿ ಇಷ್ಟು ಚರ್ಚೆಯಾದವು ಕಡಿಮೆ.

ಬೀದಿಯಲ್ಲಿ ಹೋಗುತ್ತಿದ್ದ ಎಂಟೊಂಬತ್ತು ವರ್ಷದ ಹುಡುಗನನ್ನು ಕರೆದು ಕೂರಿಸಿದರು. ಶೇಖ್ ಕಾಗದದ ಚೀಟಿಗಳ ಮೇಲೆ ಆವಾಹನೆಯ ಮಾತುಗಳನ್ನು ಬರೆದು, ಒಂದೊಂದಾಗಿ ಕೆಂಡದ ಮೇಲೆ ಹಾಕುತ್ತ ಬಂದ. ಜತೆಗೆ ಲೋಬಾನ ಮತ್ತು ಕೊತ್ತಂಬರಿ ಬೀಜದ ಹೊಗೆ. ಹುಡುಗನ ಬಲ ಅಂಗೈಯಲ್ಲಿ ಅಂಕಿಗಳ ಚೌಕ ಬರೆದು, ಅದರ ನಡುವೆ ಒಂದಿಷ್ಟು ಮಸಿ ಸುರಿದ. ನಿನ್ನ ಮುಖ ಕಾಣುತ್ತಿದೆಯೇ ಎಂದು ಕೇಳಿದ. ಕಾಣುತ್ತಿದೆ ಎಂದಿತು ಮಗು. ತಲೆಯೆತ್ತಬೇಡ ಎಂದ. ಸ್ವಲ್ಪ ಹೊತ್ತಿಗೆ ಹುಡುಗ ನಡುಗುತ್ತ, ಯಾರೋ ನೆಲ ಗುಡಿಸುತ್ತಿದ್ದಾನೆ ಎಂದ. ಆಮೇಲೆ ಒಂದಾದ ಮೇಲೊಂದು ಏಳು ಬಾವುಟ ಬಂದವು. ಸುಲ್ತಾನನ ಡೇರೆ ಎದ್ದಿತು, ಸೈನಿಕರು ನೆರೆದರು. ಹೋರಿ ಕಡಿದು, ಬೇಯಿಸಿ, ಉಂಡರು. ಸುಲ್ತಾನ ಬಂದು ಕೂತು ಕಾಫಿ ಕುಡಿದ. ಇಷ್ಟೆಲ್ಲ ಮುಗಿದ ಮೇಲೆಯೇ ಶೇಖ್ ಲೇನ್‌ನತ್ತ ತಿರುಗಿ, ಈಗ ಯಾರನ್ನು ಕರೆಸಲಿ ಎಂದದ್ದು.

ಲೇನ್ ಹೇಳಿದ ಹೆಸರು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್. ಹುಡುಗನಿಗೆ ಆ ಹೆಸರು ಉಚ್ಚರಿಸುವುದೇ ಕಷ್ಟವಾಯಿತು. ಆದರೂ ಕಪ್ಪು ಯುರೋಪಿಯನ್ ಉಡುಪಿನ ಒಬ್ಬಾತ ಬಂದಿದ್ದಾನೆ, ಅವನಿಗೆ ಎಡಗೈ ಇಲ್ಲ ಎಂದ. ಮತ್ತೆ ದಿಟ್ಟಿಸಿ ನೋಡಿ, ಕೈ ಇದೆ, ಎದೆಗೆ ಆನಿಸಿಕೊಂಡಿದ್ದಾನೆ ಎಂದು ತಿದ್ದಿದ. ನೆಲ್ಸನ್ ಬಲಗೈ ಕಳೆದುಕೊಂಡಿದ್ದು, ಖಾಲಿ ತೋಳನ್ನು ಕೋಟಿನ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದುದು ನಿಜ. ಎಡ ಬಲ ಅದಲುಬದಲಾದದ್ದೇಕೆ ಎಂದರೆ ಮಾಂತ್ರಿಕನ ಬಳಿ ಉತ್ತರ ಸಿದ್ಧವಿತ್ತು. ಮಸಿಯೂ ಒಂದು ಕನ್ನಡಿಯಲ್ಲವೇ?

ನೆಲ್ಸನ್‌ನ ತೋಳಿನ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅದಕ್ಕಿಂತ ಕುತೂಹಲ ಹುಟ್ಟಿಸುವವನು ಆ ಕಸ ಗುಡಿಸುವವನು. ಕಳ್ಳನನ್ನು ಹಿಡಿಯಬೇಕೆಂದರೆ ಕಳ್ಳನನ್ನೇ ನೇರ ಕರೆಸಬಹುದಿತ್ತು. ಇಷ್ಟೊಂದು ಪೀಠಿಕೆ ಯಾಕೆ? ಕಪ್ಪು ಹೊಳಪಿನಲ್ಲಿ ಅಪರಿಚಿತನ ಮುಖ ಕಾಣು ಎಂದರೆ ಯಾವ ಮಗುವಿಗೂ ಕಾಣದು. ನೆಲ ಗುಡಿಸುವವನು ದಿನವೂ ಕಣ್ಣಿಗೆ ಬೀಳುವ ಮನುಷ್ಯ, ಅವನು ಸಲೀಸಾಗಿ ಬರುತ್ತಾನೆ. ಅವನು ಬಂದನೆಂದರೆ ಬಾವುಟ ಬರುತ್ತದೆ. ಏಳನೆಯ ಬಾವುಟದ ಹೊತ್ತಿಗೆ, ಕೇಳಿದ್ದೆಲ್ಲ ಕಣ್ಣಮುಂದೆ ಬರುವುದು ಮಗುವಿಗೆ ರೂಢಿಯಾಗಿರುತ್ತದೆ. ಮನಸ್ಸನ್ನು ಹದಗೊಳಿಸುವ ಕೆಲಸವನ್ನು ಧೂಪ ಮತ್ತು ಮಸಿಗಿಂತ ಹೆಚ್ಚಾಗಿ ಮಾಡುತ್ತಿದ್ದುದು ಪ್ರಶ್ನೆಗಳ ಈ ಸರಣಿ.

ಇದು ಶೇಖ್‌ನ ಸ್ವಂತ ಆವಿಷ್ಕಾರವೇನಲ್ಲ. ಈಜಿಪ್ಟಿನ ಥೀಬ್ಸ್‌ನಲ್ಲಿ ಸಿಕ್ಕಿದ, ಈಗ ಲಂಡನ್ ಮತ್ತು ಲೈಡನ್‌ಗಳ ನಡುವೆ ಹರಿದು ಹಂಚಿಹೋಗಿರುವ ಡೆಮೋಟಿಕ್ ಎಂಬ ಪ್ರಾಚೀನ ಈಜಿಪ್ಟಿನ ಲಿಪಿಯ ಪಪೈರಸ್ ಸುರುಳಿ ಸುಮಾರು ಕ್ರಿ.ಶ. ಮೂರನೆಯ ಶತಮಾನದ್ದು. ಅಲ್ಲಿ ಮಸಿಯ ಬದಲು ಬಟ್ಟಲ ತುಂಬ ಎಣ್ಣೆ. ಅದರ ಮುಂದೆ ಹುಡುಗ, ಕಣ್ಣು ಮುಚ್ಚಿರುತ್ತಾನೆ. ಮಂತ್ರ ಮುಗಿದು ಕಣ್ಣು ಬಿಟ್ಟಾಗ ಬೆಳಕು ಕಂಡರೆ ಮೊದಲು ನರಿಮುಖದ ಅನೂಬಿಸ್ ಬರಬೇಕು. ಅವನು ಉಳಿದ ದೇವತೆಗಳನ್ನು ಕರೆತಂದು, ರೊಟ್ಟಿ ಮತ್ತು ದ್ರಾಕ್ಷಾರಸ ಇಟ್ಟು ಉಣಿಸಬೇಕು. ಊಟ ಮುಗಿಯುವವರೆಗೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಸಾವಿರದೈನೂರು ವರ್ಷಗಳ ಆಚೆಗೆ, ಅದೇ ನೈಲ್ ದಡದಲ್ಲಿ, ದೇವರುಗಳ ಜಾಗಕ್ಕೆ ಸುಲ್ತಾನ ಬಂದ. ಊಟ ಮಾತ್ರ ಹಾಗೇ ಉಳಿಯಿತು.

ರೋಮನ್ನರಿಗೂ ಇದು ಗೊತ್ತಿತ್ತು. ಲೇಖಕ ಅಪುಲೇಯಸ್ ಮೇಲೆ ಕ್ರಿ.ಶ. 158ರ ಸುಮಾರಿಗೆ ಉತ್ತರ ಆಫ್ರಿಕಾದ ಸಬ್ರಾಥಾದಲ್ಲಿ ಮಾಟದ ಮೊಕದ್ದಮೆ ನಡೆಯಿತು. ಥಾಲಸ್ ಎಂಬ ಹುಡುಗನಿಗೆ ಮಂತ್ರ ಹಾಕಿ ಬೀಳಿಸಿದ ಎಂಬುದು ಆರೋಪಗಳಲ್ಲಿ ಒಂದು. ಆ ಹುಡುಗನಿಗೆ ಮೂರ್ಛೆರೋಗ, ಮಂತ್ರ ಹಾಕದಿದ್ದರೂ ಬೀಳುತ್ತಾನೆ ಎಂಬುದು ಅಪುಲೇಯಸ್‌ನ ವಾದ. ಆದರೆ ಹುಡುಗರ ಮೂಲಕ ಭವಿಷ್ಯ ನೋಡುವುದನ್ನು ಅವನು ಸುಳ್ಳೆಂದು ತಳ್ಳಿಹಾಕಲಿಲ್ಲ. ಅಂಥ ಹುಡುಗ ಶುದ್ಧನಾಗಿರಬೇಕು, ಲಕ್ಷಣವಾಗಿರಬೇಕು, ಥಾಲಸ್ ಆ ಕೆಲಸಕ್ಕೇ ಬಾರದವನು ಎಂದು ವಾದಿಸಿದ. ವಕೀಲಿಕೆಯಲ್ಲಿ ಪಳಗಿದ ನಾಲಿಗೆ!

ಭಾರತದಲ್ಲಿ ಈ ವಿದ್ಯೆಗೆ ಗ್ರಂಥಗಳ ಆಧಾರ ಹಳೆಯದು. ಭಿಕ್ಷು ಶುಭಕರಸಿಂಹ ಎಂಟನೆಯ ಶತಮಾನದ ಆರಂಭದಲ್ಲಿ ಚೀನೀ ಭಾಷೆಗೆ ತಂದ ಸುಬಾಹುಪರಿಪೃಚ್ಛಾ ಎಂಬ ಬೌದ್ಧ ತಂತ್ರಗ್ರಂಥದಲ್ಲಿ ‘ಪ್ರಸೇನಾ’ ಎಂಬ ದೈವವನ್ನು ಕನ್ನಡಿ, ನೀರು, ಕತ್ತಿಯ ಅಲಗು, ಹೆಬ್ಬೆರಳು ಮುಂತಾದವುಗಳ ಮೇಲೆ ಇಳಿಸಿ ಮಗುವಿನಿಂದ ನೋಡಿಸುವ ವಿಧಿಯಿದೆ. ನಮ್ಮ ಹಳ್ಳಿಗಳಲ್ಲಿ ಅಂಜನ ಹಾಕಿಸುವುದು ಎನ್ನುವುದು ಇದರದೇ ಬಳಗ. ಒಡವೆ ಕಳೆದರೆ, ದನ ತಪ್ಪಿಸಿಕೊಂಡರೆ, ಮನೆಬಿಟ್ಟು ಹೋದವರ ಸುಳಿವು ಸಿಗದಿದ್ದರೆ ಅಂಜನದವನ ಹತ್ತಿರ ಹೋಗುತ್ತಿದ್ದರು. ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ವೀಳ್ಯದೆಲೆಗೋ ಹೆಬ್ಬೆರಳ ಉಗುರಿಗೋ ಹಚ್ಚಿ, ಎಳೆಯ ಮಗುವಿಗೆ ನೋಡಲು ಹೇಳುವುದು. ಆಂಜನೇಯ ಬಂದನೇ, ಏನು ಹೇಳುತ್ತಾನೆ ಎಂದು ಕೇಳುವುದು. ಕೇರಳದವರು ಇದನ್ನೇ ಮಷಿನೋಟ ಎನ್ನುತ್ತಾರೆ.

ದಖ್ಖನಿನ ಮುಸ್ಲಿಮರಲ್ಲಿ ಇದರ ರೀತಿ ಹೇಗಿತ್ತೆಂಬುದು ಜಾಫರ್ ಷರೀಫ್ ಬರೆದ, ಹರ್ಕ್ಲಾಟ್ಸ್ 1832ರಲ್ಲಿ ಇಂಗ್ಲಿಷಿಗೆ ತಂದ ‘ಕಾನೂನ್-ಇ-ಇಸ್ಲಾಂ’ ಪುಸ್ತಕದಲ್ಲಿದೆ. ಲೇನ್‌ನ ಪುಸ್ತಕಕ್ಕಿಂತ ನಾಲ್ಕು ವರ್ಷ ಮೊದಲು. ಅಲ್ಲೂ ಮೊದಲು ಬರುವವನು ಗುಡಿಸುವವನೇ! ಅವನ ಹಿಂದೆ ನೀರು ಚಿಮುಕಿಸುವವನು, ಜಮಖಾನ ಹಾಸುವವನು, ಕೊನೆಗೆ ಸಿಂಹಾಸನದ ಮೇಲೆ ಒಡೆಯ. ಅಂಜನ ಕಾಣಲು ಕಾಲು ಮುಂದಾಗಿ ಹುಟ್ಟಿದವರು ಉತ್ತಮ ಎಂಬ ಮಾತೂ ಅಲ್ಲಿದೆ. ಉಳುಕಿದ ಸೊಂಟಕ್ಕೆ ಅಂಥವರಿಂದಲೇ ಒದೆಸಿಕೊಳ್ಳುವ ನಮ್ಮವರಿಗೆ ಇದರಲ್ಲಿ ಹೊಸದೇನೂ ಅನಿಸದು.

ಈ ಎಲ್ಲ ವರದಿಗಳಲ್ಲಿ ಮಾತಾಡದೆ ಉಳಿದವರೆಂದರೆ ಮಕ್ಕಳು. ಅವರಿಗೆ ಹೇಗನಿಸುತ್ತಿತ್ತೆಂದು ಬರೆದಿಟ್ಟವರಿಲ್ಲ. ಅದನ್ನು ಸ್ವಲ್ಪವಾದರೂ ಗಮನಿಸಿದ್ದು ಒಂದು ಕಾದಂಬರಿ, ವಿಲ್ಕಿ ಕಾಲಿನ್ಸ್‌ನ 1868ರ ‘ದಿ ಮೂನ್‌ಸ್ಟೋನ್’. ಕಥೆ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರಲ್ಲಿ ಕೋಟೆ ಬಿದ್ದಾಗ ಲೂಟಿಯಾದ ವಜ್ರದಿಂದ. ಅದನ್ನು ಹುಡುಕಿಕೊಂಡು ಇಂಗ್ಲೆಂಡಿಗೆ ಬಂದ ಮೂವರು ಭಾರತೀಯರು ಬಡ ಇಂಗ್ಲಿಷ್ ಹುಡುಗನೊಬ್ಬನ ಅಂಗೈಗೆ ಮಸಿ ಸುರಿಯಲು ಹೋಗುತ್ತಾರೆ. ಹುಡುಗ ಕೈ ಹಿಂದೆಗೆಯುತ್ತಾನೆ. ಮತ್ತೆ ಲಂಡನ್ನಿನ ಮಾರುಕಟ್ಟೆಯಲ್ಲಿ, ಖಾಲಿ ಬುಟ್ಟಿಯಲ್ಲಿ ಹಸಿದು ಮಲಗಬೇಕೇ ಎಂದು ಗದರಿಸಿದ ಮೇಲೆಯೇ ಅವನು ಕೈ ಚಾಚುವುದು.

ದೊಡ್ಡವರು ನೋಡುವ ಕೆಲಸಕ್ಕೆ ನಿಂತಾಗ ಸಂಬಳದ ಪ್ರಶ್ನೆ ಬಂತು. ಎಲಿಜಬೆತ್ ರಾಣಿಯ ಕಾಲದ ಗಣಿತಜ್ಞ ಜಾನ್ ಡೀ ದೇವದೂತರೊಡನೆ ಮಾತಾಡಲು ಹಂಬಲಿಸಿದವನು. ಉಪವಾಸ, ಪ್ರಾರ್ಥನೆ, ಮೇಣದ ಮುದ್ರೆಗಳು, ವಿಶೇಷ ಮೇಜು, ಹೊಳೆಯುವ ಹರಳು, ಯಾವುದರಲ್ಲೂ ಅವನು ಕಡಿಮೆ ಮಾಡಲಿಲ್ಲ. ಆದರೂ ಕಂಡದ್ದು ಅವನಿಗಲ್ಲ. 1582ರಲ್ಲಿ ಬಂದು ಸೇರಿದ ಎಡ್ವರ್ಡ್ ಕೆಲ್ಲಿಗೆ. ಡೀ ಅವನಿಗೆ ವರ್ಷಕ್ಕೆ 50 ಪೌಂಡ್ ಕೊಡುವ ಮಾತಾಯಿತು. ಕೆಲ್ಲಿ ಹೇಳುತ್ತ ಹೋದ, ಡೀ ಬರೆದುಕೊಳ್ಳುತ್ತ ಹೋದ. 1587ರ ಏಪ್ರಿಲ್‌ನಲ್ಲಿ, ಬೊಹೀಮಿಯಾದ ಟ್ರೆಬೋನ್‌ನಲ್ಲಿದ್ದಾಗ, ಇನ್ನು ತನ್ನಿಂದಾಗದೆಂದು ಕೆಲ್ಲಿ ಕೈಚೆಲ್ಲಿದ. ಡೀ ಹಳೆಯ ದಾರಿಗೇ ಬಂದ. ಏಳು ವರ್ಷದ ಮಗ ಆರ್ಥರ್‌ನನ್ನು ಹರಳಿನ ಮುಂದೆ ಕೂರಿಸಿದ. ಕೆಲ್ಲಿ ಪುಟಗಟ್ಟಲೆ ಹೇಳುತ್ತಿದ್ದ ಜಾಗದಲ್ಲಿ ಆ ಮಗುವಿಗೆ ಕಂಡದ್ದು ಅಲ್ಪಸ್ವಲ್ಪ. ಕೆಲ್ಲಿ ಮರಳಿ ಬಂದ. ಬಂದವನು ತಂದ ದೇವದೂತರ ಅಪ್ಪಣೆ ಏನೆಂದರೆ, ಇಬ್ಬರೂ ಹೆಂಡಂದಿರನ್ನು ಹಂಚಿಕೊಳ್ಳಬೇಕು. ಡೀ ಅತ್ತ, ಕರೆದ, ಕೊನೆಗೆ ಕರಾರಿಗೆ ಸಹಿ ಹಾಕಿದ. ಇನ್ನೊಬ್ಬರ ಕಣ್ಣನ್ನು ನೆಚ್ಚಿ ಕೂತವನ ಪಾಡು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಮತ್ತೆ ಕೈರೋಗೆ ಬಂದರೆ, ಲೇನ್‌ನನ್ನು ಓದಿದ ಪ್ರವಾಸಿಗಳೆಲ್ಲ ಶೇಖ್‌ನ ಬಾಗಿಲಿಗೆ ನುಗ್ಗಿದರು. ಇಂಗ್ಲಿಷ್ ಲೇಖಕ ಅಲೆಗ್ಸಾಂಡರ್ ಕಿಂಗ್‌ಲೇಕ್ ಅಲ್ಲಿ ಮಾಂತ್ರಿಕನೊಬ್ಬನನ್ನು ಪರೀಕ್ಷಿಸಿದ್ದನ್ನು ತನ್ನ 1844ರ ಪ್ರವಾಸಕಥನ ‘ಈಯೋಥೆನ್’ನಲ್ಲಿ ಬರೆದಿದ್ದಾನೆ. ಈಟನ್ ಶಾಲೆಯ ಹೆಡ್‌ಮಾಸ್ಟರ್, ಬೆತ್ತಕ್ಕೆ ಹೆಸರಾದ ಕೀಟ್‌ರನ್ನು ಕರೆಸು ಎಂದ. ಹುಡುಗನಿಗೆ ಕಂಡದ್ದು ಹೊಂಗೂದಲ, ನೀಲಿ ಕಣ್ಣಿನ ಚೆಲುವೆ. ಲೇನ್‌ಗೂ ಕಾಲಕ್ರಮದಲ್ಲಿ ಅನುಮಾನ ಬಂತು. ಹಿಂದಿನ ಗೆಲುವುಗಳ ಹೊತ್ತಿಗೆ ಹತ್ತಿರವಿದ್ದವನು ದುಭಾಷಿ ಉಸ್ಮಾನ್ ಎಫೆಂದಿ. 1807ರ ಬ್ರಿಟಿಷ್ ದಂಡಿನ ಜತೆ ಈಜಿಪ್ಟಿಗೆ ಬಂದು, ಸೆರೆಸಿಕ್ಕಿ, ಮುಸ್ಲಿಮನಾಗಿ ಅಲ್ಲೇ ನೆಲೆಸಿದ ಸ್ಕಾಟ್‌ಲೆಂಡಿನವ ಆತ. ಅವನು ಸತ್ತ ಮೇಲೆ ಶೇಖ್‌ನ ವಿದ್ಯೆ ಮಂಕಾಯಿತು. ಸ್ಕಾಟ್‌ಲೆಂಡಿನ ಸೈನಿಕನಿಗೆ ನೆಲ್ಸನ್‌ನ ತೋಳು ಗೊತ್ತಿರದೇ ಇರುತ್ತದೆಯೇ?

ಮಗುವಿಲ್ಲದೆ, ಕೂಲಿಯವನಿಲ್ಲದೆ ತಾವೇ ನೋಡಬೇಕೆಂಬ ಆಸೆ ಲಂಡನ್ನಿನ ಮಧ್ಯಮವರ್ಗಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. 1888ರಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಮಾಂತ್ರಿಕ ಸಂಘದವರು ಇದಕ್ಕೆ ಬಳಸಿದ್ದು ಭಾರತದಿಂದ ಹೋದ ಸರಕು. ರಾಮಪ್ರಸಾದ್ ಎಂಬವರ ಇಂಗ್ಲಿಷ್ ಪುಸ್ತಕದ ಮೂಲಕ ಅವರಿಗೆ ಉಸಿರಾಟದ ವಿದ್ಯೆಯಾದ ಸ್ವರಶಾಸ್ತ್ರದ ಪಂಚತತ್ತ್ವಗಳು ಸಿಕ್ಕವು. ಪೃಥ್ವಿಗೆ ಹಳದಿ ಚೌಕ, ಅಪ್ಪುವಿಗೆ ಬೆಳ್ಳಿಯ ಅರ್ಧಚಂದ್ರ, ತೇಜಸ್ಸಿಗೆ ಕೆಂಪು ತ್ರಿಕೋನ, ವಾಯುವಿಗೆ ನೀಲಿ ವೃತ್ತ, ಆಕಾಶಕ್ಕೆ ಕಪ್ಪು ಮೊಟ್ಟೆಯಾಕಾರ. ಈ ಚಿತ್ರವನ್ನು ರಟ್ಟಿನ ಮೇಲೆ ಬರೆದು ರೆಪ್ಪೆ ಮಿಟುಕಿಸದೆ ನೋಡುವುದು. ಆಮೇಲೆ ಬಿಳಿಯ ಗೋಡೆಯತ್ತ ಕಣ್ಣು ಹೊರಳಿಸಿದರೆ ಎದುರು ಬಣ್ಣದ ನೆರಳು ತೇಲುತ್ತದೆ. ಆ ನೆರಳನ್ನೇ ಬಾಗಿಲೆಂದು ಭಾವಿಸಿ ಮನಸ್ಸಿನಲ್ಲಿ ದಾಟಿಹೋಗುವುದು. ಕವಿ ಯೇಟ್ಸ್ 1890ರಲ್ಲಿ ಈ ಸಂಘ ಸೇರಿದರು. ಸಂಘದ ಮುಖಂಡ ಮ್ಯಾಥರ್ಸ್ ಕೊಟ್ಟ ಅಗ್ನಿಯ ಸಂಕೇತ ಹಿಡಿದು ಕೂತಾಗ ತಮಗೆ ಮರಳುಗಾಡು, ಹಾಳುಬಿದ್ದ ಅವಶೇಷಗಳ ನಡುವಿನಿಂದ ಏಳುವ ಕಪ್ಪು ದೈತ್ಯ ಕಂಡದ್ದನ್ನು ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಕಣ್ಣು ಹೀಗೆ ಆಟವಾಡುವುದಕ್ಕೆ ಕಾರಣ ಅಷ್ಟೇನೂ ಗುಟ್ಟಿನದಲ್ಲ. ಒಂದೇ ಬಿಂದುವನ್ನು ದಿಟ್ಟಿಸಿದರೆ ಅಂಚಿನಲ್ಲಿರುವುದು ಮಾಸಿಹೋಗುತ್ತದೆ ಎಂದು ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಬರೆದಿದ್ದ. ಇಟಲಿಯ ಮನಶ್ಶಾಸ್ತ್ರಜ್ಞ ಜಿಯೋವಾನಿ ಕಪೂಟೊ ಮಂದ ಬೆಳಕಿನಲ್ಲಿ 50 ಜನರನ್ನು ಹತ್ತು ನಿಮಿಷ ಕನ್ನಡಿಯ ಮುಂದೆ ಕೂರಿಸಿ, ಅದರ ಫಲಿತಾಂಶವನ್ನು 2010ರಲ್ಲಿ ಪ್ರಕಟಿಸಿದರು. ಮೂರರಲ್ಲಿ ಎರಡು ಪಾಲು ಜನಕ್ಕೆ ತಮ್ಮ ಮುಖವೇ ವಿಕಾರವಾಗಿ ಕಂಡಿತ್ತು. ಕೆಲವರು ಸತ್ತವರನ್ನು, ಭೂತಗಳನ್ನು ಕಂಡರು. ಮಂತ್ರವಿಲ್ಲ, ಲೋಬಾನವಿಲ್ಲ.

ಆದರೂ ಕಣ್ಣಿನ ವಿಚಾರ ಹೇಳಿದರೆ ಮನಸ್ಸಿನ ತಯಾರಿಯ ವಿಚಾರ ಮುಗಿಯುವುದಿಲ್ಲ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ 1980ರ ದಶಕದಲ್ಲಿ ಲಂಡನ್ನಿನ ಮಾಂತ್ರಿಕ ಗುಂಪುಗಳೊಡನೆ ಬೆರೆತು, ಅವರ ಅಭ್ಯಾಸಗಳನ್ನು ತಾವೂ ಮಾಡಿದರು. ಕಣ್ಣು ಮುಚ್ಚಿ, ಹೇಳಿದ ದೃಶ್ಯವನ್ನು ಮನಸ್ಸಿನಲ್ಲಿ ಕಟ್ಟುವುದು, ದಿನವೂ. ಬರಬರುತ್ತ ಅವರ ಮನಸ್ಸಿನ ಚಿತ್ರಗಳು ಸ್ಪಷ್ಟವಾದವು. ಒಂದು ಬೆಳಿಗ್ಗೆ ಎಚ್ಚರವಾದಾಗ ಕಿಟಕಿಯ ಹತ್ತಿರ ಪ್ರಾಚೀನ ಬ್ರಿಟನ್ನಿನ ಆರು ಮಂದಿ ಡ್ರೂಯಿಡ್ ಪುರೋಹಿತರು ನಿಂತು ಕರೆಯುತ್ತಿರುವುದು ಕಂಡಿತು. ದಡಬಡಿಸಿ ಏಳುವಷ್ಟರಲ್ಲಿ ಮಾಯ. ಈ ಅನುಭವವನ್ನು ಲೂರ್ಮನ್ ದೈವಕೃಪೆ ಎನ್ನಲಿಲ್ಲ, ಭ್ರಮೆಯೆಂದು ಮುಚ್ಚಿಡಲೂ ಇಲ್ಲ. ಮುಂದೆ ಅಮೆರಿಕದ ಕ್ರೈಸ್ತರ ಮೇಲೆ ಪ್ರಯೋಗವನ್ನೇ ಮಾಡಿದರು. ಸುಮಾರು ಒಂದು ತಿಂಗಳು, ದಿನಕ್ಕೆ ಅರ್ಧ ಗಂಟೆ, ಒಂದು ಗುಂಪು ಬೈಬಲ್ಲಿನ ದೃಶ್ಯಗಳನ್ನು ಕಲ್ಪಿಸಿಕೊಳ್ಳುತ್ತ ಪ್ರಾರ್ಥಿಸಿತು, ಇನ್ನೊಂದು ಬೈಬಲ್ಲಿನ ಮೇಲಿನ ಉಪನ್ಯಾಸ ಕೇಳಿತು. ಕಲ್ಪಿಸಿಕೊಂಡವರಲ್ಲಿ ಮನಸ್ಸಿನ ಚಿತ್ರಗಳು ಚುರುಕಾಗಿದ್ದವು. ಇಲ್ಲದ ದನಿ ಕೇಳಿಸಿತು, ಯಾರೋ ಹತ್ತಿರವಿದ್ದಂತಾಯಿತು ಎಂದವರೂ ಅವರಲ್ಲೇ ಹೆಚ್ಚು.