ಎಸ್.ಎಸ್.ಎಲ್.ಸಿ. ನಂತರ ವೃತ್ತಿ ಶಿಕ್ಷಣ ಮತ್ತು ಉದ್ಯೋಗಾವಕಾಶಗಳು

ಎಸ್.ಎಸ್.ಎಲ್.ಸಿ. ಪರೀಕ್ಷೆಯ ನಂತರ ಪದವಿಪೂರ್ವ ಶಿಕ್ಷಣಕ್ಕೆ ಸೇರುವುದೊಂದೇ ಮಾರ್ಗವೆಂಬ ಭಾವನೆ ಅನೇಕ ಪೋಷಕರಲ್ಲಿದೆ. ಕಡಿಮೆ ಅವಧಿಯಲ್ಲಿ ಕೆಲಸ ಕಲಿತು ಸಂಪಾದನೆ ಆರಂಭಿಸಬಯಸುವವರಿಗೂ, ಮುಂದೆ ಇಂಜಿನಿಯರಿಂಗ್ ಪದವಿಯವರೆಗೆ ಓದಬಯಸುವವರಿಗೂ ವೃತ್ತಿ ಶಿಕ್ಷಣದಲ್ಲಿ ಅವಕಾಶಗಳಿವೆ. ಆದರೆ ಆರಿಸಿಕೊಳ್ಳುವ ತರಬೇತಿಯ ಅವಧಿ ಮತ್ತು ಮಾನ್ಯತೆಯನ್ನು ಅವಲಂಬಿಸಿ ಮುಂದಿನ ಅವಕಾಶಗಳು ಬದಲಾಗುತ್ತವೆ. ಆದ್ದರಿಂದ ಪ್ರವೇಶಕ್ಕೆ ಮುನ್ನ ಈ ಕೆಳಗಿನ ಮಾಹಿತಿಯನ್ನು ಗಮನಿಸುವುದು ಸೂಕ್ತ.

1. ಕೈಗಾರಿಕಾ ತರಬೇತಿ ಸಂಸ್ಥೆಗಳು (ಐ.ಟಿ.ಐ.)

ಭಾರತ ಸರ್ಕಾರವು 1950ರಲ್ಲಿ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಡಿ ಸರ್ಕಾರಿ ಮತ್ತು ಖಾಸಗಿ ಐ.ಟಿ.ಐ.ಗಳಲ್ಲಿ ತರಬೇತಿ ನೀಡಲಾಗುತ್ತದೆ. ಪ್ರವೇಶಕ್ಕೆ ಕನಿಷ್ಠ ವಯಸ್ಸು 14 ವರ್ಷ.

ಎರಡು ವರ್ಷದ ವೃತ್ತಿಗಳು: ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಮುಂತಾದವು. ಇವುಗಳಿಗೆ ವಿಜ್ಞಾನ ಮತ್ತು ಗಣಿತ ವಿಷಯಗಳೊಂದಿಗೆ ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾಗಿರಬೇಕು.

ಒಂದು ವರ್ಷದ ವೃತ್ತಿಗಳು: ವೆಲ್ಡರ್, ಪ್ಲಂಬರ್, ಕಾರ್ಪೆಂಟರ್, ಡೀಸೆಲ್ ಮೆಕ್ಯಾನಿಕ್, ಕಂಪ್ಯೂಟರ್ ಆಪರೇಟರ್ ಮುಂತಾದವು.

ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣರಾದವರು ನಿರಾಶರಾಗಬೇಕಾಗಿಲ್ಲ. ವೆಲ್ಡರ್, ಪ್ಲಂಬರ್, ಕಾರ್ಪೆಂಟರ್, ವೈರ್‌ಮನ್ ಮುಂತಾದ ಕೆಲವು ವೃತ್ತಿಗಳಿಗೆ ಎಂಟನೆಯ ತರಗತಿಯ ತೇರ್ಗಡೆಯೇ ಅರ್ಹತೆಯಾಗಿರುತ್ತದೆ.

ತರಬೇತಿಯ ಕೊನೆಯಲ್ಲಿ ಅಖಿಲ ಭಾರತ ವೃತ್ತಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಪರೀಕ್ಷೆಗೆ ಹಾಜರಾಗಲು ನಿಗದಿತ ಹಾಜರಾತಿ ಕಡ್ಡಾಯ.

2. ಶಿಶಿಕ್ಷು (ಅಪ್ರೆಂಟಿಸ್) ತರಬೇತಿ

1961ರ ಶಿಶಿಕ್ಷು ಕಾಯಿದೆಯಡಿ 30 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು, ಗುತ್ತಿಗೆ ನೌಕರರೂ ಸೇರಿದಂತೆ ಒಟ್ಟು ನೌಕರರ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ನೀಡಲಾಗುತ್ತದೆ. ಐ.ಟಿ.ಐ. ಮುಗಿಸಿದವರು ಕಾರ್ಖಾನೆಯಲ್ಲಿ ಶಿಶಿಕ್ಷುಗಳಾಗಿ ಸೇರಿದರೆ, ಶಾಲೆಯಲ್ಲಿ ಕಲಿತದ್ದನ್ನು ನಿಜವಾದ ಯಂತ್ರಗಳ ಮೇಲೆ ರೂಢಿಸಿಕೊಳ್ಳುವ ಅವಕಾಶ ಸಿಗುತ್ತದೆ.

ಶಿಶಿಕ್ಷು ತರಬೇತಿಯು ಉದ್ಯೋಗವಲ್ಲ ಎಂಬುದನ್ನು ಅಭ್ಯರ್ಥಿಗಳು ತಿಳಿದಿರಬೇಕು. ಕಾಯಿದೆಯ ಪ್ರಕಾರ ಶಿಶಿಕ್ಷುವು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ತರಬೇತಿಯ ನಂತರ ಕೆಲಸಕ್ಕೆ ಸೇರಿಸಿಕೊಳ್ಳುವ ವಿಷಯದಲ್ಲಿ ಪ್ರತಿ ಸಂಸ್ಥೆಯೂ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದು 2014ರ ತಿದ್ದುಪಡಿ ಹೇಳುತ್ತದೆ. ಆ ನೀತಿಯನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ವಿಚಾರಿಸಿಕೊಳ್ಳಬೇಕು.

3. ಪಾಲಿಟೆಕ್ನಿಕ್ ಡಿಪ್ಲೊಮಾ

ಎಸ್.ಎಸ್.ಎಲ್.ಸಿ. ಉತ್ತೀರ್ಣರಾದವರು ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಮುಂತಾದ ವಿಭಾಗಗಳಲ್ಲಿ ಮೂರು ವರ್ಷದ ಡಿಪ್ಲೊಮಾಗೆ ಸೇರಬಹುದು. ಐ.ಟಿ.ಐ.ಗೆ ಹೋಲಿಸಿದರೆ ಇಲ್ಲಿ ಗಣಿತ ಮತ್ತು ಸಿದ್ಧಾಂತ ಪಾಠಗಳು ಹೆಚ್ಚು.

ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು (ಜಿ.ಟಿ.ಟಿ.ಸಿ.) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನೀಡುತ್ತದೆ. ಇದರ ಅವಧಿ ನಾಲ್ಕು ವರ್ಷ. ಕೊನೆಯ ಒಂದು ವರ್ಷ ಕೈಗಾರಿಕೆಯಲ್ಲಿಯೇ ತರಬೇತಿ.

4. ಮುಂದಿನ ಶಿಕ್ಷಣ

ಐ.ಟಿ.ಐ. ಸೇರಿದರೆ ಓದು ಅಲ್ಲಿಗೇ ಮುಗಿಯಿತು ಎಂಬ ಅಭಿಪ್ರಾಯ ಸರಿಯಲ್ಲ. ಹತ್ತನೆಯ ತರಗತಿಯ ನಂತರ ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಸೂಕ್ತ ವಿಭಾಗದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶಕ್ಕೆ ಅರ್ಹರು. ಡಿಪ್ಲೊಮಾ ಪಡೆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿ.ಸಿ.ಇ.ಟಿ. ಮೂಲಕ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು.

ಪಿ.ಯು.ಸಿ. ಮೂಲಕ ಬಿ.ಇ.: 2 + 4 = 6 ವರ್ಷ
ಡಿಪ್ಲೊಮಾ ಮೂಲಕ ಬಿ.ಇ.: 3 + 3 = 6 ವರ್ಷ
ಐ.ಟಿ.ಐ. ಮತ್ತು ಡಿಪ್ಲೊಮಾ ಮೂಲಕ ಬಿ.ಇ.: 2 + 2 + 3 = 7 ವರ್ಷ

ಅಂದರೆ, ಐ.ಟಿ.ಐ. ಮೂಲಕ ಹೋದವರಿಗೆ ಹೆಚ್ಚಾಗುವುದು ಒಂದೇ ವರ್ಷ. ಮಧ್ಯದಲ್ಲಿ ಯಾವ ಹಂತದಲ್ಲಿ ನಿಲ್ಲಿಸಿದರೂ ಕೈಯಲ್ಲಿ ಒಂದು ವೃತ್ತಿ ಇರುತ್ತದೆ. ಒಂದು ವರ್ಷದ ವೃತ್ತಿಗಳನ್ನು ಆರಿಸಿಕೊಂಡವರು ಮಾತ್ರ, ಈ ನೇರ ಪ್ರವೇಶವು ಎರಡು ವರ್ಷದ ಐ.ಟಿ.ಐ.ಗೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

5. ಉದ್ಯೋಗಾವಕಾಶಗಳು

- ರೈಲ್ವೆಯಲ್ಲಿ ಟೆಕ್ನಿಷಿಯನ್ ಮತ್ತು ಸಹಾಯಕ ಲೋಕೋ ಪೈಲಟ್ ಹುದ್ದೆಗಳಿಗೆ ನಿಗದಿತ ವೃತ್ತಿಗಳಲ್ಲಿ ಐ.ಟಿ.ಐ. ಪಡೆದವರು ಅರ್ಜಿ ಸಲ್ಲಿಸಬಹುದು. ರೈಲ್ವೆಯಲ್ಲಿಯೇ ಶಿಶಿಕ್ಷು ತರಬೇತಿ ಪೂರೈಸಿದವರಿಗೆ ಲೆವೆಲ್-1 ನೇರ ನೇಮಕಾತಿಯಲ್ಲಿ ಶೇ. 20ರಷ್ಟು ಆದ್ಯತೆ ಇದೆ.
- ಸಾರ್ವಜನಿಕ ವಲಯದ ಉದ್ಯಮಗಳು, ಸಾರಿಗೆ ಸಂಸ್ಥೆಗಳ ಕಾರ್ಯಾಗಾರಗಳು ಹಾಗೂ ಖಾಸಗಿ ಕಾರ್ಖಾನೆಗಳಲ್ಲಿ ತಾಂತ್ರಿಕ ಹುದ್ದೆಗಳು.
- ಸ್ವಯಂ ಉದ್ಯೋಗ: ಮನೆ ವೈರಿಂಗ್, ಪಂಪ್‌ಸೆಟ್ ದುರಸ್ತಿ, ವಾಹನ ದುರಸ್ತಿ, ಫ್ಯಾಬ್ರಿಕೇಶನ್ ಮುಂತಾದವು. ವಿದ್ಯುತ್ ಕಾಮಗಾರಿ ಕೈಗೊಳ್ಳುವವರು ವಿದ್ಯುತ್ ಪರಿವೀಕ್ಷಣಾಲಯದಿಂದ ಅಗತ್ಯ ಪರವಾನಗಿ ಪಡೆಯಬೇಕು.
- ಬೋಧನೆ: ಒಂದು ವರ್ಷದ ಕುಶಲ ಬೋಧಕರ ತರಬೇತಿ ಪಡೆದವರು ಐ.ಟಿ.ಐ.ಗಳಲ್ಲಿ ಬೋಧಕರಾಗಬಹುದು.

6. ಸೇರುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಮಾನ್ಯತೆಯನ್ನು ಸಂಸ್ಥೆಯ ಹೆಸರಿಗೆ ಮಾತ್ರವಲ್ಲದೆ ವೃತ್ತಿವಾರು, ಘಟಕವಾರು ನೀಡಲಾಗುತ್ತದೆ. ಸಂಸ್ಥೆಗೆ ಮಾನ್ಯತೆ ಇದ್ದರೂ ತಾವು ಸೇರುವ ವೃತ್ತಿಗೆ ಇಲ್ಲದಿರಬಹುದು. ಇದನ್ನು ಪರಿಶೀಲಿಸದಿದ್ದರೆ ಎರಡು ವರ್ಷದ ಶ್ರಮ ಮತ್ತು ಶುಲ್ಕ ವ್ಯರ್ಥವಾಗಬಹುದು.
(ಆ) ಕಾರ್ಯಾಗಾರವನ್ನು ಖುದ್ದಾಗಿ ನೋಡಿ, ಯಂತ್ರಗಳು ಬಳಕೆಯಲ್ಲಿವೆಯೇ ಎಂದು ತಿಳಿದುಕೊಳ್ಳಬೇಕು.
(ಇ) ಹಾಜರಾಗದೆ ಪ್ರಮಾಣಪತ್ರ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ನಂಬಬಾರದು.
(ಈ) ಪಾವತಿಸಿದ ಪ್ರತಿಯೊಂದು ಶುಲ್ಕಕ್ಕೂ ರಸೀದಿ ಪಡೆಯಬೇಕು.

ವೃತ್ತಿಯ ಆಯ್ಕೆಯಲ್ಲಿ ನೆರೆಹೊರೆಯವರ ಮಾತಿಗಿಂತ ವಿದ್ಯಾರ್ಥಿಯ ಆಸಕ್ತಿಗೆ ಪ್ರಾಧಾನ್ಯ ನೀಡುವಂತೆ ಪೋಷಕರಲ್ಲಿ ಕೋರಲಾಗಿದೆ. ಹೆಚ್ಚಿನ ಮಾಹಿತಿಗೆ ಸಮೀಪದ ಸರ್ಕಾರಿ ಐ.ಟಿ.ಐ.ಯ ಪ್ರಾಂಶುಪಾಲರನ್ನು ಅಥವಾ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಸಂಪರ್ಕಿಸಬಹುದು.