ನೂರರಿಂದ ಭಾಗಿಸಿದರೆ ಮುಗಿಯದ ಲೆಕ್ಕ

ರ್‍ಯಾಡ್‌ನಿಂದ ಗ್ರೇಗೆ ಹೋಗಬೇಕೆ? ನೂರರಿಂದ ಭಾಗಿಸಿ. ಫೋನಿನಲ್ಲಿ ಒತ್ತಿದರೆ ಉತ್ತರ ಸಿದ್ಧ. ಹೀಗಾಗಿ ವಿಕಿರಣದ ಮಾನಗಳ ಪರಿವರ್ತನೆಯನ್ನು ಈಗ ಯಾರೂ ಪಾಠವೆಂದು ಎಣಿಸುವುದಿಲ್ಲ. ಎಂಎಸ್ಸಿ ಪ್ರಬಂಧಗಳಲ್ಲಿ ಅದು ಅನುಬಂಧದ ಒಂದು ಸಾಲು, ಅಷ್ಟೆ. ಆದರೆ ಕರ್ನಾಟಕದ ಕಲ್ಲು, ಮಣ್ಣು, ಮರಳುಗಳ ಸಹಜ ವಿಕಿರಣವನ್ನು ಅಳೆದ ಲೇಖನಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ, ಅರ್ಧ ಗೊಂದಲ ಆ ಒಂದು ಸಾಲಿನಲ್ಲೇ ಅಡಗಿರುವುದು ಕಾಣುತ್ತದೆ. ಗ್ರಾನೈಟ್ ಬಂಡೆಯಿರುವ ಊರಿಗೆಲ್ಲ ‘ವಿಕಿರಣದ ಕಂಟಕ’ ಎಂದು ತಲೆಬರಹ ಕೊಡುವ ಚಾಳಿಗೂ ಮೂಲ ಅಲ್ಲೇ ಇದೆ.

ಹಳೆಯ ಕತೆಯನ್ನು ಬೇಗ ಮುಗಿಸುತ್ತೇನೆ. 1928ರಲ್ಲಿ ರೋಂಟ್‌ಜೆನ್ ಅಂತರರಾಷ್ಟ್ರೀಯ ಮಾನವಾಯಿತು. ಅದು ಅಳೆಯುತ್ತಿದ್ದುದು ಗಾಳಿಯಲ್ಲಿ ಹುಟ್ಟಿದ ವಿದ್ಯುದಾವೇಶವನ್ನು; ಮೈಯಾಗಲಿ ಬಂಡೆಯಾಗಲಿ ಹೀರಿಕೊಂಡ ಶಕ್ತಿಯನ್ನಲ್ಲ. ಆ ಕೊರತೆ ತುಂಬಲು 1953ರಲ್ಲಿ ರ್‍ಯಾಡ್ ಬಂತು. 1975ರಲ್ಲಿ ಗ್ರೇ: ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿ ಹೀರಿದರೆ ಒಂದು ಗ್ರೇ, ಅಂದರೆ ನೂರು ರ್‍ಯಾಡ್. ಹೀಗೆ ಹೀರಿದ ಡೋಸು ಮನುಷ್ಯನಿಗೆ ಎಷ್ಟು ಹಾನಿ ಮಾಡೀತು ಎಂದು ತೂಗುವ ಸೀವರ್ಟ್ 1979ರಲ್ಲಿ ಬಂತು.

ರ್‍ಯಾಡ್–ಗ್ರೇ ಲೆಕ್ಕ ಮಕ್ಕಳಾಟ, ಏಕೆಂದರೆ ಎರಡೂ ಒಂದೇ ಸಂಗತಿಯ ಅಳತೆ. ರೋಂಟ್‌ಜೆನ್‌ನಿಂದ ಗ್ರೇಗೆ ದಾಟುವಾಗ ಮಾತ್ರ ನಡುವೆ ಭೌತವಿಜ್ಞಾನ ಬಂದು ಕೂರುತ್ತದೆ. ಒಂದು ರೋಂಟ್‌ಜೆನ್ ಎಂದರೆ ಕಿಲೋಗ್ರಾಂ ಗಾಳಿಗೆ 0.000258 ಕೂಲಂಬ್. ಗಾಳಿಯಲ್ಲಿ ಒಂದು ಕೂಲಂಬ್ ಆವೇಶ ಹುಟ್ಟಲು ಬೇಕಾದ ಶಕ್ತಿ 33.97 ಜೂಲ್. ಗುಣಿಸಿದರೆ 8.76 ಮಿಲಿಗ್ರೇ. ಹಳೆಯ ಲೇಖನಗಳಲ್ಲಿ 8.69 ಅಂತಿರುತ್ತದೆ, ಅದು ಅಚ್ಚಿನ ತಪ್ಪಲ್ಲ, ಆಗ ಆ ಶಕ್ತಿಯನ್ನು 33.7 ಎಂದು ಹಿಡಿಯುತ್ತಿದ್ದರು. ಗಾಳಿಯ ಬದಲು ಸ್ನಾಯುವನ್ನು ಇಟ್ಟರೆ ಉತ್ತರ ಸುಮಾರು 9.6ಕ್ಕೆ ಏರುತ್ತದೆ. ಇವೆಲ್ಲ ತಲೆನೋವೆಂದು ‘ಒಂದು ರೋಂಟ್‌ಜೆನ್, ಒಂದು ರ್‍ಯಾಡ್, ಒಂದು ರೆಮ್’ (ರೆಮ್ ಸೀವರ್ಟಿಗೆ ಮೊದಲಿದ್ದ ಮಾನ) ಎಂದು ಸಾಲಾಗಿ ಸಮ ಮಾಡಿಬಿಡುವವರಿದ್ದಾರೆ. ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಗೋಡೆಗೆ ಆ ಅಂದಾಜು ನಡೆದೀತು. ಊರಿನ ಮಣ್ಣನ್ನು ಅಳೆಯಲು ಹೊರಟವನಿಗೆ ಅದು ಶೇ 14ರಷ್ಟು ಹುಸಿ ಏರಿಕೆ.

ಭಾರತದ ಮಣ್ಣಿನ ಕೆಲಸ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ ಶುರುವಾಯಿತು. ಮಿಶ್ರಾ ಮತ್ತು ಸದಾಶಿವನ್ 1971ರಲ್ಲಿ ದೇಶದ ಮಣ್ಣುಗಳ ವಿಕಿರಣಶೀಲತೆಯನ್ನು ಪ್ರಕಟಿಸಿದರು. 80ರ ದಶಕದಲ್ಲಿ ನಂಬಿ, ಸುಂಟ ಮೊದಲಾದವರು ಥರ್ಮೋಲ್ಯುಮಿನೆಸೆನ್ಸ್ ಡೋಸಿಮೀಟರುಗಳನ್ನು ದೇಶದುದ್ದಕ್ಕೂ ಇರಿಸಿ ಅಳೆದರು. ದೊಡ್ಡ ಕೆಲಸ, ಆದರೆ ಅದು ಕೊಟ್ಟದ್ದು ದೇಶದ ಸರಾಸರಿ. ಸರಾಸರಿಯಲ್ಲಿ ಯಾರೂ ವಾಸ ಮಾಡುವುದಿಲ್ಲ.

ನಮ್ಮ ಪೀಳಿಗೆಗೆ ಈ ವಿದ್ಯೆ ಕೈಗೆ ಹತ್ತಿದ್ದು ಮಂಗಳೂರು ವಿಶ್ವವಿದ್ಯಾಲಯದಿಂದ. ಪ್ರೊ. ಕೆ. ಸಿದ್ದಪ್ಪನವರ ತಂಡ ಕೈಗಾದಲ್ಲಿ ಅಣುಸ್ಥಾವರ ಬರುವ ಮೊದಲೇ ಅಲ್ಲಿನ ಕಾಡು, ಮಣ್ಣು, ಹೊಳೆಗಳ ಸಹಜ ವಿಕಿರಣವನ್ನು ಅಳೆದಿಟ್ಟಿತು. ಸ್ಥಾವರ 2000ದಲ್ಲಿ ವಿದ್ಯುತ್ ಮಾರಲು ತೊಡಗಿದಾಗ, ‘ಮೊದಲು ಎಷ್ಟಿತ್ತು’ ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿತ್ತು. ಈ ಮುನ್ನೆಚ್ಚರಿಕೆಯೊಂದಕ್ಕೇ ಆ ತಂಡಕ್ಕೆ ಕೈ ಮುಗಿಯಬೇಕು. ಅದೇ ತಂಡದ ರಾಧಾಕೃಷ್ಣ, ಸೋಮಶೇಖರಪ್ಪ, ನಾರಾಯಣ, ಸಿದ್ದಪ್ಪ 1993ರಲ್ಲಿ ಉಳ್ಳಾಲದ ಮರಳು ಹೆಚ್ಚಿನ ಹಿನ್ನೆಲೆ ವಿಕಿರಣದ ಪ್ರದೇಶವೆಂದು ‘ಹೆಲ್ತ್ ಫಿಸಿಕ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಅಲ್ಲಿನ ಮೋನಝೈಟಿನಲ್ಲಿ ಥೋರಿಯಂ ಇದೆ.

ಮಂಗಳೂರು ಪಂಥದಿಂದ ಕಲಿಯಬೇಕಾದದ್ದು ಒಂದೇ ಡೋಸನ್ನು ಎರಡು ದಾರಿಯಿಂದ ಹಿಡಿಯುವ ಶಿಸ್ತು. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಸಿಂಟಿಲೋಮೀಟರ್ ಹಿಡಿದು ಮೈಕ್ರೊರೋಂಟ್‌ಜೆನ್ ಓದುವುದು ಒಂದು. ಅದೇ ಜಾಗದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಡಬ್ಬಿಯಲ್ಲಿ ತಿಂಗಳ ಕಾಲ ಗಾಳಿಯಾಡದಂತೆ ಮುಚ್ಚಿಟ್ಟು, ಆಮೇಲೆ ಜರ್ಮೇನಿಯಂ ಡಿಟೆಕ್ಟರಿನ ಮುಂದಿಟ್ಟು ಬೆಕರೆಲ್, ಅಂದರೆ ಸೆಕೆಂಡಿಗೆ ಎಷ್ಟು ಪರಮಾಣು ಒಡೆದವು ಎಂದು, ಎಣಿಸುವುದು ಇನ್ನೊಂದು. ಕಿಲೋಗ್ರಾಮಿಗೆ ಒಂದು ಬೆಕರೆಲ್ ರೇಡಿಯಂ ಇದ್ದರೆ ಗಂಟೆಗೆ 0.462 ನ್ಯಾನೊಗ್ರೇ, ಥೋರಿಯಂಗೆ 0.604, ಪೊಟ್ಯಾಸಿಯಂಗೆ 0.0417. ಇವು ವಿಶ್ವಸಂಸ್ಥೆಯ ವಿಕಿರಣ ಸಮಿತಿ 2000ದ ವರದಿಯಲ್ಲಿ ಕೊಟ್ಟ ಗುಣಕಗಳು. ಅದಕ್ಕೆ ಮೊದಲು ಥೋರಿಯಂಗೆ 0.662 ಬಳಕೆಯಲ್ಲಿತ್ತು. ಉಳ್ಳಾಲದಂಥ ಥೋರಿಯಂ ಮರಳಿನಲ್ಲಿ ಗುಣಕ ಬದಲಾದರೆ ಸಾಕು, ಮರಳು ಅಲುಗದೆಯೇ ಡೋಸು ಹತ್ತಿರಹತ್ತಿರ ಹತ್ತನೇ ಒಂದು ಪಾಲು ಇಳಿಯುತ್ತದೆ. ಹಳೆಯ ಕೋಷ್ಟಕವನ್ನೂ ಹೊಸ ಕೋಷ್ಟಕವನ್ನೂ ಪಕ್ಕಪಕ್ಕ ಇಟ್ಟು ‘ವಿಕಿರಣ ಕಡಿಮೆಯಾಗಿದೆ’ ಎನ್ನುವವರು ಗುಣಕದ ಸಾಲನ್ನು ಓದಿರುವುದಿಲ್ಲ. ಮುಂದೆ ಎನ್. ಕರುಣಾಕರ ಅವರ ತಂಡ ಯಾದಗಿರಿ ಜಿಲ್ಲೆಯ ಗೋಗಿಯ ಯುರೇನಿಯಂ ನಿಕ್ಷೇಪದ ಸುತ್ತ ನೇರ ಅಳತೆ ಮತ್ತು ಮಣ್ಣಿನ ಲೆಕ್ಕಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದ್ದು ಇದೇ ಶಿಸ್ತಿನ ಫಲ.

ಮೈಸೂರಿನವರು ರೇಡಾನ್ ಕಡೆಗೆ ಹೊರಳಿದರು. ಅದು ಉಸಿರಿನ ಲೆಕ್ಕ, ಬೇರೆಯೇ ಲೇಖನ ಬೇಕು. ಬೆಂಗಳೂರು ಗ್ರಾಮಾಂತರದ ಗ್ರಾನೈಟ್ ಕ್ವಾರಿಗಳನ್ನು ನಿಂಗಪ್ಪ, ಸಣ್ಣಪ್ಪ, ಕರುಣಾಕರ 2008ರಲ್ಲಿ ಅಳೆದು ಪ್ರಕಟಿಸಿದರು.

ಆ ಗ್ರಾನೈಟಿನ ಪಟ್ಟಿ ಬೆಂಗಳೂರಿನಲ್ಲಿ ನಿಲ್ಲುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದ ಹೆಸರು ಹೊತ್ತ ಆ ಬಂಡೆ ಉತ್ತರಕ್ಕೆ ಹರಿದು ಕೂಡ್ಲಿಗಿ ಸೀಮೆಯನ್ನು ಹಾಯುತ್ತದೆ. ಗುಡೇಕೋಟೆಯಲ್ಲಿ ಕರಡಿಗಳು ಅಡಗುವ ಗುಂಡುಗಲ್ಲುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪಶ್ಚಿಮದಲ್ಲಿ ಹಡಗಲಿಯ ಹೊಳೆ ದಾಟಿದರೆ ಎದುರಿಗೆ ಕಪ್ಪತಗುಡ್ಡ: ಅದು ಶಿಸ್ಟ್ ಕಲ್ಲು. ಇಂಥ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಸಾಮಾನ್ಯವಾಗಿ ಗ್ರಾನೈಟಿಗಿಂತ ಕಡಿಮೆ. ನಡುವೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮಸಾರಿ ಮತ್ತು ಎರೆ ಹೊಲಗಳು. ನೂರು ಕಿಲೋಮೀಟರಿನೊಳಗೆ ಕಲ್ಲೂ ಮಣ್ಣೂ ಇಷ್ಟು ಬದಲಾಗುವ ನೆಲ, ಡೋಸನ್ನು ಕಲಿಸಲು ಹೇಳಿಮಾಡಿಸಿದ ಜಾಗ.

ಒಂದು ಲೆಕ್ಕ ಮಾಡೋಣ. ಬಂಡೆಯ ಮೇಲೆ ಯಂತ್ರ ಗಂಟೆಗೆ 15 ಮೈಕ್ರೊರೋಂಟ್‌ಜೆನ್ ತೋರಿಸಿತು ಎನ್ನಿ. ಇದು ಉದಾಹರಣೆಗೆ ಹಿಡಿದ ಅಂಕಿ. 8.7ರಿಂದ ಗುಣಿಸಿದರೆ ಗಂಟೆಗೆ ಸುಮಾರು 130 ನ್ಯಾನೊಗ್ರೇ. ವರ್ಷದ 8760 ಗಂಟೆಗೆ 1.14 ಮಿಲಿಗ್ರೇ. ಇಲ್ಲಿ ನಿಲ್ಲಿಸಿ, ಗ್ರೇ ಅಳಿಸಿ ಸೀವರ್ಟ್ ಬರೆದರೆ ಸಾರ್ವಜನಿಕರ ಮಿತಿಯಾದ 1 ಮಿಲಿಸೀವರ್ಟ್ ದಾಟಿತು, ತಲೆಬರಹ ಸಿದ್ಧ. ಆದರೆ ಬಂಡೆಯ ಮೇಲೆ ಇಡೀ ವರ್ಷ ಕೂತಿರುವವರು ಯಾರು? ಬಯಲಿನಲ್ಲಿ ಕಳೆಯುವ ಹೊತ್ತು ಐದನೇ ಒಂದು ಪಾಲು ಎಂದು ವಿಶ್ವಸಂಸ್ಥೆಯ ಸಮಿತಿ ಹಿಡಿಯುತ್ತದೆ, ಹಾಗಾಗಿ 0.2. ಗಾಳಿ ಹೀರಿದ್ದನ್ನು ದೇಹದ ಪರಿಣಾಮಕ್ಕೆ ತರಲು 0.7. ಉಳಿಯುವುದು 0.16 ಮಿಲಿಸೀವರ್ಟ್. ಇಷ್ಟಾಗಿ, ಆ 1 ಮಿಲಿಸೀವರ್ಟ್ ಮಿತಿ ಮನುಷ್ಯ ನಡೆಸುವ ಸ್ಥಾವರ, ಯಂತ್ರಗಳಿಂದ ಬರುವ ಹೆಚ್ಚುವರಿಗೆ ಹಾಕಿದ್ದು. ಬಂಡೆಗೆ ಅದು ಲಗತ್ತೇ ಆಗುವುದಿಲ್ಲ. ಜಗತ್ತಿನ ಸರಾಸರಿ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟ್ ಸಿಗುತ್ತದೆ. ಮನೆಯೊಳಗಿನ ಲೆಕ್ಕ ಬೇರೆ: ಹೊತ್ತಿನ ಪಾಲು 0.8, ಸುತ್ತಲೂ ಕಲ್ಲು. ಕಲ್ಲುಗೋಡೆಯ, ಮಣ್ಣು ಹೊದಿಸಿದ ಮಾಳಿಗೆ ಮನೆಗಳ ಈ ಸೀಮೆಯಲ್ಲಿ ಮೊದಲು ಅಳೆಯಬೇಕಾದದ್ದು ಒಳಕೋಣೆಯನ್ನೇ.

ಇಲ್ಲಿಗೆ ಬೇಕಿರುವುದು ಹಳ್ಳಿವಾರು ನಕ್ಷೆ, ಜಿಲ್ಲಾವಾರು ಸರಾಸರಿಯಲ್ಲ. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಉಚ್ಚಂಗಿದುರ್ಗದ ಬಂಡೆ ಕೂತಲ್ಲೇ ಕೂತಿದೆ. ಅದರ ಡೋಸು ಮಾತ್ರ ಮೂರು ಜಿಲ್ಲೆಗಳ ಸರಾಸರಿಗೆ ಹಂಚಿಹೋಗಬಹುದು. ಬಳ್ಳಾರಿಯಲ್ಲಿ 2010ರಿಂದ ವಿಶ್ವವಿದ್ಯಾಲಯವಿದೆ, ಒಂದು ಸರ್ವೇ ಮೀಟರಿನ ಬೆಲೆ ದೊಡ್ಡದೇನಲ್ಲ. ಬೇಸಗೆಯಲ್ಲೊಮ್ಮೆ, ನೆಲ ನೆನೆದ ಮೇಲೊಮ್ಮೆ ಅಳೆಯಲಿ, ಏಕೆಂದರೆ ಒದ್ದೆ ಮಣ್ಣು ತನ್ನ ಕಿರಣವನ್ನು ತಾನೇ ಒಂದಿಷ್ಟು ತಡೆಯುತ್ತದೆ. ಯಂತ್ರ ತೋರಿಸಿದ ಮೈಕ್ರೊರೋಂಟ್‌ಜೆನ್ ಒಂದು ಕಾಲಂನಲ್ಲಿ, ಬಳಸಿದ ಗುಣಕ 8.69 ಆಗಿತ್ತೋ 8.76 ಆಗಿತ್ತೋ ಎಂಬುದು ಪಕ್ಕದಲ್ಲಿ, ನ್ಯಾನೊಗ್ರೇ ಮೂರನೆಯದರಲ್ಲಿ, ಅಂತರಿಕ್ಷ ಕಿರಣವನ್ನು ಕಳೆದಿದ್ದಾರೋ ಸೇರಿಸಿದ್ದಾರೋ ಎಂಬುದು ಕೊನೆಯದರಲ್ಲಿ ಇರಲಿ. ಸೀವರ್ಟ್ ಕಾಲಂ ಬೇಕಾದವರು ತಮ್ಮ ಊರಿನ ಮನೆ, ಹೊಲಗಳ ಹೊತ್ತನ್ನು ಹಿಡಿದು ತಾವೇ ತುಂಬಿಕೊಳ್ಳಬಹುದು.